ಕೊಳೆಗೊಂದು ವಿಶೇಷಣ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವುದು ನನಗೊಬ್ಬನಿಗೇ ಎಂಬ ನಂಬಿಕೆ ನನ್ನೊಬ್ಬನಿಗೇ ಇದೆ. ಪದವಿಯಲ್ಲಿ ನಾನು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದೆ. ಇಂಗ್ಲಿಷ್ ನನ್ನನ್ನು ತೆಗೆದುಕೊಂಡಿತೋ ಇಲ್ಲವೋ ಅಂಕಪಟ್ಟಿ ನೋಡಿದವರು ಹೇಳಬೇಕು. ಅದನ್ನು ನಾನು ಯಾರಿಗೂ ತೋರಿಸಿಲ್ಲ. ಆದರೂ ಬಾಳಗಡಿಯ ನಮ್ಮ ಅಕ್ಕಪಕ್ಕದವರಿಗೆ ಇಂಗ್ಲಿಷ್ ಕಾಗದ ಬಂದರೆ ಅದು ಮೊದಲು ನಮ್ಮ ಜಗಲಿಗೇ ಬರುತ್ತದೆ. ನಾನು ಕನ್ನಡಕ ಏರಿಸಿ, ಎರಡು ಸಲ ‘ಹೂಂ’ ಅಂದು, ‘ಇದಕ್ಕೆ ಏನೂ ಮಾಡೋದು ಬೇಡ’ ಅನ್ನುತ್ತೇನೆ. ಈವರೆಗೆ ಯಾರ ಮನೆಯೂ ಜಪ್ತಿಯಾಗಿಲ್ಲ.

ಪುನರ್ವಸು ಮಳೆ ಹಿಡಿದುಕೊಂಡಿದ್ದಾಗ ಪಕ್ಕದ ತೋಟದ ಗೌಡರು ಬಂದರು. ಅಡಿಕೆಗೆ ಕೊಳೆ ಶುರುವಾಗಿತ್ತು. ಬೆಳೆ ವಿಮೆಯ ಬಾಬ್ತು ಒಂದು ಅರ್ಜಿ ಬೇಕು, ಇಂಗ್ಲಿಷಿನಲ್ಲಿದ್ದರೆ ಸ್ವಲ್ಪ ತೂಕ.

‘ನಮ್ಮ ಕಡೆ ಎಲ್ಲಾ ತೋಟಕ್ಕೂ ಕೊಳೆ ಬಂದಿದೆ ಅಂತ ಒಂದೇ ಮಾತು ಬರ್ಕೊಡಿ ಮಾರಾಯ್ರೆ.’

‘ಕಾಮನ್ ಅಂತ ಬರೆದು ಕೊಟ್ಬಿಡಿ’ ಎಂದಳು ಹೆಂಡತಿ ಒಳಗಿನಿಂದ. ‘ನಾಳೆ ನಮ್ಮ ತೋಟಕ್ಕೆ ಔಷಧಿ ಹೊಡೆಯೋರು ಬರ್ತಾರೆ. ಮೈಲುತುತ್ತ ಇನ್ನೂ ನೆನೆಸಿಲ್ಲ.’

ಕಾಮನ್ ಎಂದು ಬರೆದರೆ ಕಚೇರಿಯವರು ಏನನ್ನುತ್ತಾರೆ? ಕಾಮನ್ ತಾನೇ, ಸುಮ್ಮನಿರಿ ಅನ್ನುತ್ತಾರೆ. ಶೀತ ಕಾಮನ್. ಗೋಡೆಗೆ ಬೂಷ್ಟು ಕಾಮನ್. ಆಷಾಢದಲ್ಲಿ ಕರೆಂಟು ಹೋಗುವುದು ಕಾಮನ್. ಯಾರಾದರೂ ಪರಿಹಾರ ಕೊಟ್ಟಿದ್ದಾರಾ? ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಇರುವ ಹಾಗೆ ಇಂಗ್ಲಿಷಿನ ಮಾತಿಗೂ ದರ್ಜೆ ಇದೆ ಎಂದು ಗೌಡರಿಗೆ ತಿಳಿಸಿ ಹೇಳಿದೆ. ಕಾಮನ್ ಅಂದರೆ ಗೊರಬಲು. ವೈಡ್‌ಸ್ಪ್ರೆಡ್ ರಾಶಿ. ಪ್ರಿವೆಲೆಂಟ್ ಬೆಟ್ಟೆ. ಯುಬಿಕ್ವಿಟಸ್ ಸರಕು, ಅದರ ಧಾರಣೆಯೇ ಬೇರೆ.

‘ಹಾಗಾದ್ರೆ ಸರಕೇ ಹಾಕಿ’ ಎಂದು ಗೌಡರು ಕಾಫಿ ಕುಡಿದು ಹೋದರು.

ಅಟ್ಟ ಹತ್ತಿ ಕಾಲೇಜು ಕಾಲದ ರೋಜೆಯ ಥೆಸಾರಸ್ ಇಳಿಸಿದೆ. ಪೀಟರ್ ಮಾರ್ಕ್ ರೋಜೆ ವೃತ್ತಿಯಲ್ಲಿ ವೈದ್ಯ. 1852ರಲ್ಲಿ ಪುಸ್ತಕ ಹೊರಬಂದಾಗ ಆತನಿಗೆ 73 ವರ್ಷ. ಸಮಾನಾರ್ಥಕ ಪದಗಳನ್ನು ಪಟ್ಟಿ ಮಾಡುತ್ತಾ ಕೂರಲು ಆತನನ್ನು ಮನೆಯವರು ಅಷ್ಟು ಕಾಲ ಬಿಟ್ಟರಲ್ಲ ಎಂಬುದೇ ನನಗೆ ಸೋಜಿಗ. ನಮ್ಮ ಮಳೆಗಾಲಗಳನ್ನು ಕಂಡ ಪುಸ್ತಕವಾದ್ದರಿಂದ ನನಗೆ ಬೇಕಾದ ಪುಟದ ತುಂಬ ಬೂಷ್ಟು ಹರಡಿತ್ತು. ವೈಡ್‌ಸ್ಪ್ರೆಡ್‌ನ ಅರ್ಥ ಓದದೆಯೇ ತಿಳಿಯಿತು.

ರಾತ್ರಿ ಊಟಕ್ಕೆ ಕೂತಾಗ ರಾಂಪಂಟ್ ತೆಗೆದೆ. ಹಳೆಯ ಫ್ರೆಂಚಿನಲ್ಲಿ ಹತ್ತುವುದು, ಅಡರುವುದು ಎಂಬ ಮೂಲ. ಯುರೋಪಿನ ರಾಜಲಾಂಛನಗಳಲ್ಲಿ ಹಿಂಗಾಲ ಮೇಲೆ ಎದ್ದು ನಿಂತ ಸಿಂಹಕ್ಕೂ ಅದೇ ಮಾತು. ಬೇಲೂರಿನಲ್ಲಿ ಸಳನ ಮೇಲೆ ಎರಗುತ್ತದಲ್ಲ, ಆ ಭಂಗಿ ಎಂದೆ.

‘ಅಂದ್ರೆ ಬೆಳಿಗ್ಗೆ ಬಾಳೆಗೊನೆ ಕಿತ್ತ ಮಂಗ?’ ಎಂದರು ಅಮ್ಮ.

‘ಅದೇ! ಸರಿಯಾಗಿ ಹಿಡಿದೆ.’

‘ಅದು ಎದ್ದು ನಿಂತು ಹಲ್ಲು ಕಿರಿದಾಗ ನೀನು ಬಚ್ಚಲುಮನೆಗೆ ಓಡಿ ಬಾಗಿಲು ಹಾಕ್ಕೊಂಡೆ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?’

ಕೊಳೆ ಹಿಂಗಾಲ ಮೇಲೆ ನಿಲ್ಲುವುದಿಲ್ಲವಾದ್ದರಿಂದ ರಾಂಪಂಟ್ ಬಿಟ್ಟು ಯುಬಿಕ್ವಿಟಸ್‌ಗೆ ಬಂದೆ. ಎಲ್ಲೆಲ್ಲೂ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ ಪದ. ಉದಾಹರಣೆ ಕೊಡಿ ಎಂದು ಯಾರೂ ಕೇಳಿರಲಿಲ್ಲ. ಆದರೂ ಕೊಟ್ಟೆ: ‘ಬೆಳಿಗ್ಗೆ ಹಲಸಿನ ಬೀಜದ ಚಟ್ನಿ, ಮಧ್ಯಾಹ್ನ ಉಪ್ಪುಸೊಳೆ ಪಲ್ಯ, ರಾತ್ರಿ ಬೀಜದ ಸಾರು, ನಡುನಡುವೆ ಹಲಸಿನ ಹಪ್ಪಳ. ಇದು ಯುಬಿಕ್ವಿಟಸ್.’

ಮರುದಿನ ನನ್ನ ಎಲೆಗೆ ಗಂಜಿ, ಉಪ್ಪು. ‘ಇವತ್ತು ಎಲ್ಲೂ ಇಲ್ಲ. ಊಟ ಮಾಡಿ’ ಎಂದಳು.

ಆ ಬೆಳಿಗ್ಗೆಯೇ ಔಷಧಿ ಹೊಡೆಯುವವರು ಬಂದಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣಕ್ಕೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿಲ್ಲ. ಆದರೆ ಮೈಲುತುತ್ತವನ್ನು ರಾತ್ರಿಯೇ ನೆನೆಹಾಕುವವರು ಪ್ರಿವೆಲೆಂಟ್‌ನಲ್ಲಿ ಮುಳುಗಿದ್ದರು. ಬಂದವರು ಡ್ರಮ್ಮಿನೊಳಗೆ ಇಣುಕಿ, ಇನ್ನೊಬ್ಬರ ತೋಟಕ್ಕೆ ಹೊರಟುಹೋದರು. ನಾನು ಹೆಂಡತಿಗೆ ಇತಿಹಾಸದ ಆಸರೆ ಹಿಡಿದು ಸಮಾಧಾನ ಹೇಳಿದೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಕೂಡ ಈ ಕೊಳೆಯ ಮೇಲೆ ಕೂತು ಬರೆದವರೇ. 1910ರಲ್ಲಿ ಅವರ ಬರಹ ಅಚ್ಚಾಯಿತು. ಬೋರ್ಡೋ ಸಿಂಪಡಿಸಿ ಎಂದು ನಮ್ಮ ತೋಟದವರಿಗೆ ಹೇಳಿಕೊಟ್ಟವರು ಅವರು. ಇಂಗ್ಲಿಷಿನಲ್ಲೇ ಬರೆದರೂ ರೋಗವನ್ನು ಕೊಳೆರೋಗ ಎಂದೇ ಕರೆದರು.

‘ಅವರು ಹುಡುಕಿದ್ದು ಔಷಧಿ. ನೀವು ಹುಡುಕ್ತಾ ಇರೋದು ವಿಶೇಷಣ’ ಎಂದಳು.

ರೈಫ್ ಎಂಬ ಪದ ಗಾಳಿಸುದ್ದಿಗೆ ಚೆನ್ನಾಗಿ ಕೂರುತ್ತದೆ. ಅದಕ್ಕೆ ಉದಾಹರಣೆ ಮನೆಯೊಳಗೆ ಹುಡುಕಬೇಕಾಗಲಿಲ್ಲ. ಬಾಳಗಡಿಯ ಇಂಥವರು ಅಟ್ಟ ಹತ್ತಿದವರು ಇಳಿದೇ ಇಲ್ಲವಂತೆ ಎಂಬ ಮಾತು ಕೊಪ್ಪ ಪೇಟೆಯನ್ನು ಮುಟ್ಟಿ, ಹಾಲಿನವನ ಜೊತೆ ವಾಪಸು ಬಂತು.

ಕೊನೆಗೆ ನನ್ನ ಕಣ್ಣಿಗೆ ಬಿದ್ದದ್ದು ಗಾರ್ಡನ್ ವೆರೈಟಿ. ಬೂಷ್ಟಿನ ಅಂಚಿನಲ್ಲಿ, ಅರ್ಧ ಒರಲೆ ತಿಂದ ಸಾಲಿನಲ್ಲಿ ಅದು ಉಳಿದುಕೊಂಡಿತ್ತು. ಗಾರ್ಡನ್ ಅಂದರೆ ತೋಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟ ಅಂದರೇನು ಎಂದು ಹೆಣ್ಣು ಕೊಡುವವರನ್ನು ಕೇಳಿ. ವೆರೈಟಿ ಅಂದರೆ ತಳಿ. 1972ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರದಿಂದ ಮಂಗಳ ಬಂತಲ್ಲ, ಆ ಥರ. ತೋಟದ ರೋಗಕ್ಕೆ, ತೋಟದವರ ಅರ್ಜಿಗೆ ಇದಕ್ಕಿಂತ ಒಪ್ಪುವ ಮಾತುಂಟೇ? ‘ನಮ್ಮ ಭಾಗದ ಕೊಳೆರೋಗವು ಗಾರ್ಡನ್ ವೆರೈಟಿಯದು’ ಎಂದು ಇಂಗ್ಲಿಷಿನಲ್ಲಿ ಬರೆದು, ಗೌಡರನ್ನು ಕರೆಸಿ, ಜಗಲಿಯಲ್ಲಿ ನಿಂತು ಓದಿದೆ. ಗೌಡರಿಗೆ ಹಿಡಿಸಿತು. ಪಿಯುಸಿ ಓದುವ ಮಗಳು ಮಾತ್ರ ಬಾಗಿಲಿಗೆ ಒರಗಿಕೊಂಡು ನಗತೊಡಗಿದಳು.

‘ಅಪ್ಪಾ, ಅದಕ್ಕೆ ವಿಶೇಷ ಏನೂ ಇಲ್ಲ, ತೀರಾ ಮಾಮೂಲಿದು ಅಂತ ಅರ್ಥ. ಗೌಡ್ರಂಕಲ್‌ಗೆ ಒಂದು ರೂಪಾಯಿನೂ ಬರಲ್ಲ.’

ತೋಟದ ಅರ್ಥವನ್ನು ತೋಟ ಇಲ್ಲದ ಇಂಗ್ಲೆಂಡಿನವರಿಂದ ಕಲಿಯುವ ಅಗತ್ಯ ನನಗಿಲ್ಲ ಎಂದೆ. ಈಗಲೂ ಅದೇ ಅನ್ನುತ್ತೇನೆ.

‘ಹಿತ್ತಲ ಗಿಡ ಅನ್ನು’ ಎಂದರು ಅಮ್ಮ, ಕವಳದ ತಟ್ಟೆ ಎಳೆದುಕೊಳ್ಳುತ್ತಾ. ‘ಮದ್ದಿಗೆ ಆಗಲ್ಲ ಅಂತಾರಲ್ಲ, ಅದು. ನಮ್ಮನೇಲೂ ಒಂದಿದೆ.’

ಮಗಳು ಫೋನಿನಲ್ಲೇ ನಾಲ್ಕು ಸಾಲು ಬರೆದು ಗೌಡರಿಗೆ ಕಳಿಸಿದಳು. ಇಣುಕಿ ನೋಡಿದೆ. ಕೊಳೆ ಎಲ್ಲ ತೋಟಗಳಿಗೂ ಹರಡಿದೆ ಎಂದಷ್ಟೇ ಇತ್ತು. ಸರಕೂ ಇಲ್ಲ, ಬೆಟ್ಟೆಯೂ ಇಲ್ಲ. ಅಂದಿಗೆ ‘ಎಲ್ಲ ತೋಟಗಳಿಗೂ’ ಎಂಬುದು ಪೂರ್ತಿ ನಿಜವೂ ಆಗಿರಲಿಲ್ಲ, ಏಕೆಂದರೆ ನಮ್ಮ ತೋಟಕ್ಕೆ ಇನ್ನೂ ಬಂದಿರಲಿಲ್ಲ. ಔಷಧಿ ಕಾಣದ ನಮ್ಮ ಮರಗಳಡಿಯಲ್ಲೂ ವಾರದೊಳಗೆ ಕಾಯಿ ಉದುರಿತು. ಅರ್ಜಿಯಲ್ಲಿ ಸುಳ್ಳು ಹೇಳಿದ ಪಾಪದಿಂದ ಗೌಡರನ್ನು ಪಾರು ಮಾಡಿದವನು ನಾನು ಎಂದು ಮನೆಯಲ್ಲಿ ಹೇಳಿದಾಗ ಯಾರೂ ಊಟಕ್ಕೆ ಕರೆಯಲಿಲ್ಲ.

ಮೊನ್ನೆ ಗೌಡರು ಮತ್ತೆ ಬಂದರು. ಮಂಗಗಳ ಕಾಟ ಹೆಚ್ಚಾಗಿದೆ, ಇನ್ನೊಂದು ಅರ್ಜಿ ಆಗಬೇಕು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ರಾಂಪಂಟ್ ತುದಿನಾಲಿಗೆಯಲ್ಲೇ ಇತ್ತು.

‘ನೀವು ಕೂತ್ಕೊಳ್ಳಿ ಮಾರಾಯ್ರೆ. ಮಗಳು ಕಾಲೇಜಿಂದ ಬಂದಾಯ್ತಾ?’ ಎಂದರು.