ಜೂನಿಯರ್ ಕುರ್ಚಿಯ ಜಬಾನಿ

ಇಂಡಿ ಪಟ್ಟಣದ ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ, ಕಾನೂನು ಪುಸ್ತಕಗಳ ಕಪಾಟಿಗೂ ಕಕ್ಷಿದಾರರ ಬೆಂಚಿಗೂ ನಡುವೆ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ಕುರ್ಚಿ ಇದು. ಒಂದು ಕೈ ಮುರಿದಿದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಆಫೀಸುಗಳಲ್ಲೂ ಇದರ ಬಳಗವಿದೆ. ಪ್ರಮಾಣ ಮಾಡಿಸಿಯೇ ಮಾತಿಗಿಳಿದೆವು.

ಪ್ರಶ್ನೆ: ವಕೀಲಿಕೆಯ ಬಾಗಿಲು ಈಗ ಎಲ್ಲರಿಗೂ ತೆರೆದಿದೆ ಎನ್ನುತ್ತಾರಲ್ಲ?

ಕುರ್ಚಿ: ಬಾಗಿಲಾ ಅಗಲ ಆಗೈತ್ರಿ, ಖರೆ. ಸನ್ನದು ಕೊಡಾಕ 1961ರ ಕಾಯ್ದೆದಾಗ ಬರದದ್ದಕ್ಕಿಂತ ಹೆಚ್ಚಿಗಿ ತಗೋಬ್ಯಾಡ್ರಿ ಅಂತ 2024ರ ಜುಲೈದಾಗ ಸುಪ್ರೀಂ ಕೋರ್ಟು ವಕೀಲರ ಪರಿಷತ್ತುಗಳಿಗೆ ಹೇಳ್ತು. ಅಂದ್ರ 750 ರೂಪಾಯಿ, ಪರಿಶಿಷ್ಟರಿಗೆ 125. ಆದ್ರ ಬಾಗಿಲಾ ದಾಟಿದ ಹುಡುಗ ಕುಂದರೂದು ನನ್ನ ಮ್ಯಾಲ. ಮುಂಜಾನೆ ಕೇಸಿನ ಕಟ್ಟು ಹೊತ್ತು ಕೋರ್ಟಿಗೆ ಹೋಗಿ, "ಸಾಹೇಬ್ರು ಕಲಬುರಗಿ ಪೀಠಕ್ಕ ಹೋಗ್ಯಾರ್ರಿ, ಟೈಮ್ ಕೊಡ್ರಿ" ಅಂತಾನ. ವಿಚಾರಣಾದಾಗ ಒಬ್ಬ ಪಕ್ಷಗಾರಗ ಮೂರಕ್ಕಿಂತ ಹೆಚ್ಚು ವಾಯಿದೆ ಬ್ಯಾಡ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆದಾಗ ಐತಿ. ನನ್ನ ಹುಡುಗರಿಗೆ ಅದು ಬಾಯಿಪಾಠ, ವಾಯಿದೆ ಕೇಳೂ ಮುಂದ ಅಷ್ಟ ಮರೀತಾರ. ಮಧ್ಯಾಹ್ನ ನಕಲು ತರೂದು, ಸಂಜೀಕ ದಾವಾ ಟೈಪ್ ಮಾಡಸೂದು. ತಿಂಗಳ ಕಡೀಗೆ ಕೈಗೆ ಬರೂದು ಪೆಟ್ರೋಲಿಗೆ ಸಾಲದಷ್ಟು. ಬ್ಯಾರೆ ನೌಕರಿ ಹಿಡೀತೀನಂದ್ರ ಪರಿಷತ್ತಿನ 49ನೇ ನಿಯಮ ಅಡ್ಡ ಬರ್ತೈತಿ: ಪ್ರ್ಯಾಕ್ಟೀಸ್ ಮಾಡೂ ತನಕ ಪೂರ್ಣಾವಧಿ ಪಗಾರದ ನೌಕರಿ ಇಲ್ಲ. ಹೊಲದ ಉತ್ಪನ್ನಕ್ಕ ತಕರಾರಿಲ್ಲ. ಹಿಂಗಾಗಿ ನಿಂಬಿತೋಟ ಇದ್ದಾವ ಉಳೀತಾನ, ಆ ತೋಟದಾಗ ಕೂಲಿ ಮಾಡಾವನ ಮಗ ಎದ್ದು ಪೊಲೀಸ್ ಭರ್ತಿಗೆ ಅರ್ಜಿ ಹಾಕ್ತಾನ. ವಕೀಲರನ್ನ ಪರೀಕ್ಷೆ ಆರಸ್ತೈತಿ ಅಂತ ನೀವು ತಿಳದೀರಿ. ಆರಸೂದು ಮನೀ ಆಸ್ತಿ.

ಪ್ರಶ್ನೆ: ಕಲಿಸುವುದೇ ಸಂಬಳವಲ್ಲವೇ? ಹಿರಿಯರೂ ಹೀಗೇ ಬಂದವರು. ಅವರ ಗಳಿಕೆಯಾದರೂ ಎಷ್ಟು?

ಕುರ್ಚಿ: ಹಿರಿಯರ ಮ್ಯಾಲ ನನಗ ಸಿಟ್ಟಿಲ್ರಿ, ಅವರ ತಾಪತ್ರಯಾನೂ ಕಂಡೀನಿ. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣಾ ಮೇಲ್ದಂಡೆಗೆ ಹೊಲ ಕಳಕೊಂಡ ರೈತ ಹೆಚ್ಚಿನ ಪರಿಹಾರ ಕೇಳ್ತಾನ. ಇಲ್ಲಿನ ಕೋರ್ಟು, ಆಮ್ಯಾಲ ಕಲಬುರಗಿ ಪೀಠ, ಆಮ್ಯಾಲ ಜಾರಿ ಅರ್ಜಿ. ಅವನ ಕೈಯಾಗ ರೊಕ್ಕ ಬರೂ ತನಕ ವಕೀಲರ ಫೀಜೂ ಬಾಕಿ. ಆದ್ರ ಒಂದು ನೋಡ್ರಿ: 1894ರ ಭೂಸ್ವಾಧೀನ ಕಾಯ್ದೆದಾಗ ತಡಾ ಆದ ಪರಿಹಾರಕ್ಕ ಮೊದಲ ವರ್ಷ ಶೇ. 9, ಆಮ್ಯಾಲ ಶೇ. 15 ಬಡ್ಡಿ ಇತ್ತು. ರೊಕ್ಕಕ್ಕ ಕಾಯ್ದಾವಗ ಬಡ್ಡಿ ಕೊಡಬೇಕು ಅನ್ನೂ ನ್ಯಾಯ ಕಾನೂನಿಗೆ ಗೊತ್ತೈತಿ, ಅದ ಫೈಲು ಹೊತ್ತ ಜೂನಿಯರ್‌ಗ ಅಸಲೂ ಇಲ್ಲ. ಇನ್ನ ಕಲಿಯೂ ಮಾತು. ಕಲೀತಾನ, ಹೌದು, ಕಲಕೋತ ಆಫೀಸಿನ ಅರ್ಧಾ ಕೆಲಸಾನೂ ಎಳೀತಾನ. 2024ರ ಅಕ್ಟೋಬರದಾಗ ಭಾರತೀಯ ವಕೀಲರ ಪರಿಷತ್ತು ಪಟ್ಟಣದ ಜೂನಿಯರ್‌ಗ 20,000, ಹಳ್ಳಿ ಕಡೀಯವಗ 15,000 ಕೊಡ್ರಿ ಅಂತ ಸುತ್ತೋಲೆ ಹೊಂಡಿಸ್ತು. ಬರೇ ಶಿಫಾರಸು. ಶಿಫಾರಸಿನ ಮ್ಯಾಲ ದಾವಾ ಹಾಕಾಕ ಬರೂದಿಲ್ಲ ಅನ್ನೂದು ವಕೀಲರಿಗಿಂತ ಯಾರಿಗೆ ಚಲೋ ಗೊತ್ತು?

ಪ್ರಶ್ನೆ: ಜಾಣರು ಹೇಗಾದರೂ ಮೇಲೆ ಬರುತ್ತಾರೆ. ನಿಮ್ಮ ಹಳೇ ಬಿಜಾಪುರ ಜಿಲ್ಲೆಯ ಬಿ.ಡಿ. ಜತ್ತಿ ಜಮಖಂಡಿಯಲ್ಲಿ ವಕೀಲಿ ಮಾಡಿದವರು, ಉಪರಾಷ್ಟ್ರಪತಿಯಾದರು.

ಕುರ್ಚಿ: ವಕೀಲಿ ಬಿಟ್ಟು ಮ್ಯಾಲೇರಿದಾವ್ರನ್ನ ವಕೀಲಿಕಿಗೆ ಸಾಕ್ಷಿ ಕರದ್ರ ಪಾಟೀಸವಾಲಿನಾಗ ನಿಲ್ಲೂದಿಲ್ರಿ.

ಪ್ರಶ್ನೆ: ಸರಕಾರದ ಕಾನೂನು ನೆರವಿನ ಕೆಲಸ ಇದೆ. ಸಿವಿಲ್ ಜಡ್ಜ್ ಪರೀಕ್ಷೆಯೂ ಇದೆ.

ಕುರ್ಚಿ: ಕಾನೂನು ನೆರವಿನ ಪ್ಯಾನೆಲ್ ಸೇರಾಕ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಬೇಕು. ಹಸೂ ವರ್ಷ ಯಾವ್ಯಾವು ಅಂದ್ರ ಅವ ಮೂರು. ಜಡ್ಜ್ ಪರೀಕ್ಷೆಗೂ ಮೂರು ವರ್ಷ ವಕೀಲಿ ಮಾಡಿರಬೇಕು ಅಂತ 2025ರ ಮೇದಾಗ ಸುಪ್ರೀಂ ಕೋರ್ಟು ಮತ್ತ ಹಳೇ ಪದ್ಧತಿ ತಂತು. ಕೋರ್ಟು ಕಾಣದಾವ ಜಡ್ಜ್ ಆಗಬಾರದು, ಆ ಮಾತು ನಾನೂ ಒಪ್ತೀನಿ. ಕೋರ್ಟು ಕಾಣೂ ಪದ್ಧತಿ ಚಲೋ ಐತಿ, ಆದ್ರ ಕಾಣೂ ಖರ್ಚು ಯಾರ ಮ್ಯಾಲ ಅಂತ ಆ ಹುಕುಮಿನಾಗ ಇಲ್ಲ. ಮೊದಲು ಕೂಲಿಯವರ ಮಗಳು ಪದವಿ ಮುಗಿಸಿ ಸೀದಾ ಪರೀಕ್ಷೆ ಬರೀತಿದ್ಲು; ಈಗ ಮೂರು ವರ್ಷ ನನ್ನ ಮ್ಯಾಲ ಕುಂದರಬೇಕು. ಮತ್ತ ಆ ಅನುಭವಕ್ಕ ಪ್ರಮಾಣಪತ್ರ ಕೊಡಾವ್ರು ಕನಿಷ್ಠ ಹತ್ತು ವರ್ಷ ನುರಿತ ವಕೀಲ್ರು, ಅಂದ್ರ ಇದ ಆಫೀಸಿನ ಸಾಹೇಬ್ರ. ಇಷ್ಟು ದಿನ ಹುಡುಗರು ಪಗಾರ ಕೇಳಾಕ ನಾಚತಿದ್ರು. ಇನ್ನ ಮ್ಯಾಲ ಅಂಜತಾರ.