ಕಂಪ್ಯೂಟರ್ ಮಾಣಿ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕಚೇರಿಗಳಲ್ಲಿ, ಅದು ಸಹಕಾರಿ ಸಂಘವಾಗಲಿ, ಶಾಲೆಯಾಗಲಿ, ಗುತ್ತಿಗೆದಾರರ ಆಫೀಸಾಗಲಿ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆಯೂ ಅಧ್ಯಕ್ಷರಿಗಿಂತ ಹೆಚ್ಚಿನ ಅಧಿಕಾರ ಚಲಾಯಿಸುವ ಒಬ್ಬನಿರುತ್ತಾನೆ; ಅವನೇ ‘ಕಂಪ್ಯೂಟರ್ ಮಾಣಿ’. ಮಾಣಿಯೆಂದರೆ ಹುಡುಗ ಎಂದೇ ಅರ್ಥವಾದರೂ ಈ ಪದವಿಗೆ ವಯೋಮಿತಿಯಿಲ್ಲ; ತಲೆ ನರೆತು, ಮಗಳು ಕಾಲೇಜು ಸೇರಿದ ಮೇಲೂ ಅವನು ಮಾಣಿಯಾಗಿಯೇ ಉಳಿಯುತ್ತಾನೆ.

ಅವನ ಶಕ್ತಿಯ ಮೂಲ ‘ಅಡ್ಮಿನಿಸ್ಟ್ರೇಟರ್’ ಖಾತೆ, ಎಂದರೆ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಲು, ಇದ್ದುದನ್ನು ತೆಗೆಯಲು, ಉಳಿದವರ ಹಕ್ಕುಗಳನ್ನು ಗೊತ್ತುಪಡಿಸಲು ಅವಕಾಶವುಳ್ಳ ಖಾತೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಂದಿನಿಂದ, ಸಾಮಾನ್ಯ ಖಾತೆಯ ಗುಮಾಸ್ತನು ಇಂಥ ಕೆಲಸಕ್ಕೆ ಕೈಹಾಕಿದೊಡನೆ ಪರದೆ ಮಂಕಾಗಿ, ಅಡ್ಮಿನ್ ಪಾಸ್‌ವರ್ಡ್ ಕೇಳುವ ಚೌಕವೊಂದು ಎದ್ದು ನಿಲ್ಲುತ್ತದೆ. ಜಾಲದ ಮೂಲಕ ಹಂಚಿಕೊಂಡ ಫೋಲ್ಡರಿನದು ಇನ್ನೂ ಸೂಕ್ಷ್ಮ: ಹಂಚಿಕೆಗೆ ಒಂದು ಅನುಮತಿ, ಡಿಸ್ಕಿನ ಮೇಲಿರುವ ಫೋಲ್ಡರಿಗೆ ಇನ್ನೊಂದು; ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ದಣಪೆ ತೆಗೆದಿದ್ದರೂ ಮನೆಬಾಗಿಲಿಗೆ ಅಗಳಿ ಬಿದ್ದಿದ್ದರೆ ನೆಂಟನು ಅಂಗಳದಲ್ಲೇ ನಿಲ್ಲಬೇಕಷ್ಟೆ.

ಈ ವರ್ಗದ ಲಕ್ಷಣಗಳು ಸುಲಭವಾಗಿ ಗುರುತಿಗೆ ಸಿಗುತ್ತವೆ. ಚೀಲದಲ್ಲಿ ಸ್ಕ್ರೂಡ್ರೈವರಿನ ಜೊತೆಗೆ ಶಾಲಾಮಕ್ಕಳ ರಬ್ಬರೊಂದು ಇರುತ್ತದೆ. ಮಳೆಗಾಲದ ಥಂಡಿಗೂ ಕಡಲ ಉಪ್ಪುಗಾಳಿಗೂ ಸಿಕ್ಕಿ ಮಸುಕಾದ ರ‍್ಯಾಮ್ ಪಟ್ಟಿಯ ಅಂಚನ್ನು ಉಜ್ಜಲು ಅದು ಬೇಕು. ರೋಗ ಯಾವುದೇ ಇರಲಿ, ಅವನ ಮೊದಲ ಪ್ರಶ್ನೆ “ಎಂತ ಮುಟ್ಟಿದ್ರಿ?”, ಸಾರ್ವತ್ರಿಕ ಉತ್ತರ “ಎಂತದೂ ಮುಟ್ಟಲಿಲ್ಲ ಮಾರಾಯ”.

ಇಷ್ಟೆಲ್ಲ ಸಹ್ಯ, ಸಹಿಸಲಾಗದ್ದು ಅವನ ಸೇತುವೆ. 2021ರ ಜುಲೈ ಹೊತ್ತಿಗೆ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾದೋಷ ಬಯಲಾಗಿ, ಅದರ ನಿವಾರಣೆಗೆಂದು ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಕಳಿಸಿದ ಪರಿಷ್ಕರಣೆಯು, ಜಾಲದ ಪ್ರಿಂಟರಿಗೆ ಡ್ರೈವರ್, ಎಂದರೆ ಕಂಪ್ಯೂಟರಿಗೂ ಯಂತ್ರಕ್ಕೂ ನಡುವಿನ ದುಭಾಷಿ ತಂತ್ರಾಂಶ, ಹಾಕುವ ಹಕ್ಕನ್ನು ಅಡ್ಮಿನ್‌ಗಳಿಗಷ್ಟೇ ಉಳಿಸಿತು. ಕುಮಟಾದ ಒಂದು ಕಚೇರಿಯಲ್ಲಿ ಸಾಲಪತ್ರಗಳ ಮುದ್ರಣ ನಿಂತು, ಭಟ್ಕಳದಲ್ಲಿದ್ದ ಮಾಣಿಗೆ ಬೆಳಿಗ್ಗೆ ಹತ್ತೂವರೆಗೆ ಫೋನು ಹೋಯಿತು. “ಶರಾವತಿ ಸೇತುವೆ ಮೇಲೆ ಇದ್ದೆ, ಬಂದೆ” ಎಂದನು. ಹನ್ನೆರಡಕ್ಕೂ ಅವನು ಸೇತುವೆಯ ಮೇಲಿದ್ದನು. ಮೂರಕ್ಕೂ ಅಲ್ಲೇ ಇದ್ದನು. ಹೊನ್ನಾವರದ ಸೇತುವೆ ಉದ್ದವೇ ಆದರೂ ಅಷ್ಟೊಂದು ತಾಸು ಹಿಡಿಯುವಂಥದ್ದಲ್ಲ.

ಸಂಜೆ ಬಂದವನು ಎಲ್ಲರನ್ನೂ ಕುರ್ಚಿಗಳಿಂದೆಬ್ಬಿಸಿ, ಗಾಳಿಗೆ ದೀಪ ಆರದಂತೆ ಮರೆಮಾಡುವವರ ಹಾಗೆ ಎಡಗೈ ಅಡ್ಡ ಹಿಡಿದು, ಪಾಸ್‌ವರ್ಡ್ ಒತ್ತಿದನು. ಮತ್ತೆ ಮತ್ತೆ ಬರುವ ಪಾಡು ಬೇಡವೆಂದು, ಹೊರಡುವ ಮುನ್ನ ಕಚೇರಿಯ ಎಲ್ಲರನ್ನೂ ಅಡ್ಮಿನ್ ಮಾಡಿ, ಹಂಚಿಕೆಯ ಫೋಲ್ಡರಿನ ಮೇಲೂ ಎಲ್ಲರಿಗೂ ಪೂರ್ಣಾಧಿಕಾರ ಕೊಟ್ಟುಬಿಟ್ಟನು. ಬಲ್ಲವರು ಮಾಡಬಾರದೆನ್ನುವ, ಆದರೆ ದಣಿದವರೆಲ್ಲ ಮಾಡುವ ಕೆಲಸವಿದು. ವಾರದೊಳಗೆ ಗುಮಾಸ್ತರೊಬ್ಬರ ಮೌಸು ಜಾರಿ, ಸದಸ್ಯರ ಪಟ್ಟಿಯ ಫೋಲ್ಡರು ಪಕ್ಕದ ಫೋಲ್ಡರಿನ ಹೊಟ್ಟೆಗೆ ಸೇರಿತು. ಕಚೇರಿ ಎರಡು ದಿನ ಅದನ್ನು ಹುಡುಕಿತು. ಮಾಣಿ ಬಂದು ಅರೆ ನಿಮಿಷದಲ್ಲಿ ಅದನ್ನು ಹೊರತೆಗೆದು, ಕೊಟ್ಟ ಅಧಿಕಾರಗಳನ್ನೆಲ್ಲ ಮರಳಿ ಕಿತ್ತುಕೊಂಡನು. “ಎಂತದೂ ಮುಟ್ಟಲಿಲ್ಲ” ಎಂದು ಅಂದು ಎಲ್ಲರಿಗಿಂತ ಗಟ್ಟಿಯಾಗಿ ಸಾಧಿಸಿದ ಆ ಗುಮಾಸ್ತರೇ ಮುಂದೆ ಹಾಸ್ಯಪ್ರಬಂಧ ಬರೆಯುವ ಹವ್ಯಾಸಕ್ಕೆ ಬಿದ್ದರೆಂಬುದು ಬೇರೆ ಮಾತು.

ಆದರೂ ನ್ಯಾಯವಾಗಿ ಒಂದನ್ನು ದಾಖಲಿಸಬೇಕು. ಯಾರ ಸಂಬಳವೆಷ್ಟು, ಯಾರ ಸಾಲ ಕಟಬಾಕಿ, ಯಾರ ಮೇಲೆ ಯಾರು ಗುಟ್ಟಾಗಿ ದೂರು ಟೈಪು ಮಾಡಿಸಿದರು ಎಂಬ ಕಡತಗಳೆಲ್ಲ ವರ್ಷಗಟ್ಟಲೆ ಅವನ ಬೆರಳ ತುದಿಯಲ್ಲಿದ್ದರೂ, ಪೇಟೆಯ ಯಾವ ಚಹಾದಂಗಡಿಯಲ್ಲೂ ಅದರಲ್ಲೊಂದು ಅಕ್ಷರ ಉದುರಿದ್ದಿಲ್ಲ. ಪಾಸ್‌ವರ್ಡು ಕೊಡುವುದು ಬಾಗಿಲು ತೆರೆಯುವ ಅಧಿಕಾರವನ್ನು ಮಾತ್ರ. ತೆರೆದ ಬಾಗಿಲಿನೊಳಗೆ ಇಣುಕದಿರುವ ಗುಣವನ್ನು ಯಾವ ಪರಿಷ್ಕರಣೆಯೂ ಕಳಿಸಲಾರದು. ಅವನ ಬಿಲ್ಲು ಮಾತ್ರ ಪ್ರತಿ ಬಾರಿಯೂ ‘ಮುಂದಿನ ಸಭೆಗೆ’ ಹೋಗುತ್ತಿತ್ತು.

ಈಗ ಆ ಕಚೇರಿಯ ಕಂಪ್ಯೂಟರುಗಳನ್ನು ಬೆಂಗಳೂರಿನಿಂದಲೇ ನೋಡಿಕೊಳ್ಳುತ್ತಾರೆ. ಫೋನು ಮಾಡಿದರೆ ಯಾವ ನದಿಯನ್ನೂ ದಾಟದೆ, ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡಿ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಏನನ್ನು ಮುಟ್ಟಿದಿರೆಂದು ಕೇಳುವುದಿಲ್ಲ. ಪ್ರಿಂಟರು ಕೆಟ್ಟಿತೆಂದರೆ ಅಭ್ಯಾಸಬಲದಿಂದ ಒಂದು ಚಹಾ ಹೆಚ್ಚಿಗೆ ಹೇಳಿಬರುವ ಜವಾನನು, ಲೋಟವನ್ನು ಯಾರ ಮುಂದಿಡಬೇಕೆಂದು ತಿಳಿಯದೆ ಮಾನಿಟರಿನ ಪಕ್ಕದಲ್ಲಿಟ್ಟು ಹೋಗುತ್ತಾನೆ.