ಪಟ್ಟಾಭಿಷೇಕದ ಮಾರನೆಯ ದಿನ

ನಮ್ಮ ಮನೆಯಲ್ಲಿ ಆಸ್ತಿಯ ಜಗಳ ಇಲ್ಲ. ಆಸ್ತಿ ಇಲ್ಲದ್ದರಿಂದ ಈ ನೆಮ್ಮದಿ. ಆದರೆ ಅಕ್ಕ ತಮ್ಮ ಅಂದಮೇಲೆ ಏನಾದರೊಂದಕ್ಕೆ ಪಾಲು ಕೇಳಲೇಬೇಕಲ್ಲ! ನನ್ನ ಹೆಂಡತಿಯೂ ಅವಳ ತಮ್ಮನೂ ಒಂದು ದ್ವೀಪಸಮೂಹಕ್ಕಾಗಿ ಕಿತ್ತಾಡುತ್ತಾರೆ. ಆ ದ್ವೀಪಗಳು ಸರ್ವೆ ನಂಬರಿಗೆ ಸಿಕ್ಕುವಂಥವಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ತಾನೇ ನಕ್ಷೆ ಬರೆದು, ಅದರೊಳಗೆ ಜನರನ್ನೂ ಡ್ರ್ಯಾಗನ್‌ಗಳನ್ನೂ ತುಂಬಿ, ಅರ್ಥ್‌ಸೀ ಎಂದು ಹೆಸರಿಟ್ಟ ಲೋಕ ಅದು. ವ್ಯಾಜ್ಯದ ವಿಷಯ ಇಷ್ಟೇ: ಆ ಲೋಕದ ಕಥೆ 1972ರಲ್ಲಿ ಮುಗಿಯಿತೋ ಇಲ್ಲವೋ.

ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಓದಿದವರು ಅಷ್ಟರಲ್ಲಿ ಕಾಫಿ ಕುಡಿದು ಬರಬಹುದು. 1968ರ ಮೊದಲ ಪುಸ್ತಕದಲ್ಲಿ ಗಾಂಟ್ ಎಂಬ ದ್ವೀಪದ ಮೇಕೆ ಕಾಯುವ ಹುಡುಗ ಗೆಡ್, ರೋಕ್ ದ್ವೀಪದ ಮಾಂತ್ರಿಕರ ಶಾಲೆ ಸೇರುತ್ತಾನೆ. ಹ್ಯಾರಿ ಪಾಟರನ ಮೊದಲ ಪುಸ್ತಕ ಬರುವುದಕ್ಕೆ 29 ವರ್ಷ ಮೊದಲೇ ನಡೆಯುತ್ತಿದ್ದ ಶಾಲೆ ಅದು; ಗಂಡುಮಕ್ಕಳಿಗೆ ಮಾತ್ರ ಪ್ರವೇಶ. ಹುಡುಗ ಜಂಬಕ್ಕೆ ಬಿದ್ದು ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟು, ಆಮೇಲೆ ಅದರ ಬೆನ್ನು ಹತ್ತುತ್ತಾನೆ. 1971ರ ಎರಡನೆಯದರಲ್ಲಿ ಕತ್ತಲೆಯ ಗೋರಿಗಳ ಪೂಜಾರಿಣಿಯಾಗಿ ಬೆಳೆದ ಟೆನಾರ್ ಎಂಬ ಹುಡುಗಿ ಗೆಡ್‌ನ ಜೊತೆ ಬೆಳಕಿಗೆ ಬರುತ್ತಾಳೆ. 1972ರ ಮೂರನೆಯದು 'ದ ಫಾರ್ದೆಸ್ಟ್ ಶೋರ್'. ಅದರಲ್ಲಿ ಮಹಾಮಾಂತ್ರಿಕನಾದ ಗೆಡ್ ಒಬ್ಬ ರಾಜಕುಮಾರನ ಜೊತೆ ಸತ್ತವರ ನಾಡಿಗೇ ಇಳಿದು, ಸಾವಿಗೂ ಬದುಕಿಗೂ ನಡುವೆ ಯಾರೋ ತೆರೆದಿಟ್ಟ ಬಾಗಿಲನ್ನು ಮುಚ್ಚುತ್ತಾನೆ. ಮುಚ್ಚುವಷ್ಟರಲ್ಲಿ ಅವನಲ್ಲಿದ್ದ ಮಂತ್ರಶಕ್ತಿಯೆಲ್ಲ ಖರ್ಚಾಗಿರುತ್ತದೆ. ರಾಜಕುಮಾರನಿಗೆ ಪಟ್ಟಾಭಿಷೇಕ, ಗೆಡ್‌ಗೆ ಡ್ರ್ಯಾಗನ್ನಿನ ಬೆನ್ನೇರಿ ಊರಿಗೆ ಪ್ರಯಾಣ. ಶುಭಂ.

ಈ 'ಶುಭಂ'ನಲ್ಲೇ ಒಂದು ತಕರಾರಿದೆ. ಮೂರನೆಯ ಪುಸ್ತಕದ ಕೊನೆಯ ಪುಟ ನಮಗೆ ಒಂದಲ್ಲ, ಎರಡು ಮುಕ್ತಾಯ ಕೊಡುತ್ತದೆ. ಹಾಡುಗಾರರ ಪ್ರಕಾರ ಗೆಡ್ ಪಟ್ಟಾಭಿಷೇಕಕ್ಕೆ ಬಂದು, ಅದು ಮುಗಿದ ಮೇಲೆ ತನ್ನ ದೋಣಿ ಹತ್ತಿ, ಒಬ್ಬನೇ ಪಶ್ಚಿಮ ಸಮುದ್ರದಲ್ಲಿ ಕಾಣೆಯಾದ. ಗಾಂಟ್ ದ್ವೀಪದವರು ಹೇಳುವುದು ಬೇರೆ: ಹೊಸ ರಾಜ ಹುಡುಕಿಕೊಂಡು ಬಂದಾಗ ಗೆಡ್ ಮನೆಯಲ್ಲಿರಲಿಲ್ಲ, ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ ಹೋಗಿದ್ದ. ನನ್ನ ಭಾವಮೈದ ದೋಣಿಯ ಪಕ್ಷ. ಜಗತ್ತಿನ ಬಹುಪಾಲು ಓದುಗರೂ ದೋಣಿಯ ಪಕ್ಷವೇ ಇದ್ದಿರಬೇಕು. ಅಷ್ಟೊಳ್ಳೆ ದೋಣಿ ಇರುವಾಗ ಗುಡ್ಡ ಹತ್ತುವವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಲೇಖಕಿ ಮಾತ್ರ ನೆನಪಿಟ್ಟುಕೊಂಡಿದ್ದರು.

1990ರಲ್ಲಿ ನಾಲ್ಕನೆಯ ಪುಸ್ತಕ 'ಟೆಹಾನು' ಬಂತು. 1972ರಲ್ಲಿ ರೋಕ್‌ನಿಂದ ಮೇಲೆದ್ದ ಡ್ರ್ಯಾಗನ್ 1990ರಲ್ಲಿ ಗಾಂಟ್‌ನಲ್ಲಿ ಇಳಿಯಿತು. ಗೆಡ್‌ನ ಲೆಕ್ಕದಲ್ಲಿ ಅದು ಒಂದೇ ಹಾರಾಟ. ಓದುಗರ ಲೆಕ್ಕದಲ್ಲಿ 18 ವರ್ಷ. ಹತ್ತುವಾಗ ಶಾಲೆಯಲ್ಲಿದ್ದವರು ಇಳಿಯುವ ಹೊತ್ತಿಗೆ ಮನೆ ಸಾಲದ ಕಂತು ಕಟ್ಟುತ್ತಿದ್ದರು. ಇಳಿದು ನೋಡಿದರೆ ಏನಿದೆ? ಟೆನಾರ್ ಈಗ ನಡುವಯಸ್ಸಿನ ರೈತ ವಿಧವೆ, ಬೆಳೆದ ಎರಡು ಮಕ್ಕಳ ತಾಯಿ. ಸ್ವಂತದವರೇ ಬೆಂಕಿಗೆ ನೂಕಿ ಅರ್ಧ ಮುಖ ಸುಟ್ಟ ಒಂದು ಹೆಣ್ಣುಮಗುವನ್ನು ಸಾಕಿಕೊಂಡಿದ್ದಾಳೆ. ಗೆಡ್ ಬಂದದ್ದು ಪ್ರಜ್ಞೆ ತಪ್ಪಿ. ಎದ್ದು ಕೂತ ಮೇಲೂ ಅವನ ಕೈಯಲ್ಲಿ ಒಂದು ಸಣ್ಣ ಮಂತ್ರವೂ ಇಲ್ಲ. ಪುಸ್ತಕದ ತುಂಬ ಹಾಲು, ಉಣ್ಣೆ, ಪೀಚ್ ಗಿಡ, ಮೇಕೆ, ರಾತ್ರಿ ಬಾಗಿಲ ಹೊರಗೆ ಗಂಡಸರ ಹೆಜ್ಜೆ ಸಪ್ಪಳ ಕೇಳಿ ಮೂಡುವ ಭಯ.

"ಅಕ್ಕ, ಮೂರು ಪುಸ್ತಕ ನಾನು ಓದಿದ್ದು ಅವನು ಮೇಕೆ ಕಾಯೋದನ್ನ ನೋಡೋಕಾ?" ಎಂದು ಭಾವಮೈದನ ಪ್ರಶ್ನೆ.

"ಮೊದಲನೇ ಪುಸ್ತಕದಲ್ಲೂ ಮೇಕೆನೇ ಕಾಯ್ತಿದ್ದ ಕಣೋ."

"ಆಗ ಅವನಿಗೆ ಏಳು ವರ್ಷ!"

ಅವನ ಬಳಿ ಇರುವುದು ನಾಲ್ಕೂ ಕಾದಂಬರಿಗಳನ್ನು ಒಂದೇ ಸಂಪುಟ ಮಾಡಿ ಪೆಂಗ್ವಿನ್‌ನವರು ಹೊರತಂದ 'ದಿ ಅರ್ಥ್‌ಸೀ ಕ್ವಾರ್ಟೆಟ್'. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ಒಂದೇ ಬೈಂಡಿಂಗ್ ಆದ್ದರಿಂದ ನಾಲ್ಕನೆಯದನ್ನು ಮನೆಯಿಂದ ಹೊರಹಾಕುವ ಹಾಗಿಲ್ಲ. ಹರಿಯಲು ಮನಸ್ಸು ಬಾರದೆ ಆ ಭಾಗಕ್ಕೆ ಒಂದು ರಬ್ಬರ್ ಬ್ಯಾಂಡ್ ಬಿಗಿದಿಟ್ಟಿದ್ದಾನೆ. ಆದರೆ ತಪ್ಪು ಹುಡುಕಬೇಕಲ್ಲ, ಅದಕ್ಕಾಗಿ ಆಗಾಗ ಬಿಚ್ಚುತ್ತಾನೆ. ನಮ್ಮೆಲ್ಲರಿಗಿಂತ ಹೆಚ್ಚು ಸಲ 'ಟೆಹಾನು' ಓದಿದವನು ಅವನೇ. ಅದಕ್ಕೆ ನೆಬ್ಯುಲಾ ಪ್ರಶಸ್ತಿ ಬಂದಿದೆ ಎಂದು ಅಕ್ಕ ನೆನಪಿಸಿದರೆ, "ಕೊಟ್ಟವರು ಲೇಖಕಿಯ ಹೆಸರು ಮಾತ್ರ ಓದಿರಬೇಕು" ಎನ್ನುತ್ತಾನೆ.

ಈ ಅಕ್ಕ ತಮ್ಮ ಬೆಳೆದದ್ದು ರಾಮನವಮಿಗೆ ರಾಮಾಯಣ ಪಾರಾಯಣ ನಡೆಯುತ್ತಿದ್ದ ಮನೆಯಲ್ಲಿ. ಅಲ್ಲಿಯೂ ಪಟ್ಟಾಭಿಷೇಕಕ್ಕೆ ಪುಸ್ತಕ ಮುಚ್ಚಿ, ಮಂಗಳ ಹಾಡಿ, ಪಾನಕ ಕೋಸಂಬರಿ ಹಂಚಿಬಿಡುತ್ತಿದ್ದರು. ಸೀತೆಯನ್ನು ಕಾಡಿಗೆ ಕಳಿಸುವ ಉತ್ತರಕಾಂಡ ಕಪಾಟಿನಲ್ಲೇ ಉಳಿಯುತ್ತಿತ್ತು. ಅದು ಪ್ರಕ್ಷಿಪ್ತ, ವಾಲ್ಮೀಕಿ ಬರೆದದ್ದಲ್ಲ ಎನ್ನುವ ವಿದ್ವಾಂಸರು ಬೇಕಾದಷ್ಟಿದ್ದಾರೆ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೂಡ ಪಟ್ಟಾಭಿಷೇಕಕ್ಕೇ ಮುಗಿಯುತ್ತದೆ. ಎಸ್.ಎಲ್. ಭೈರಪ್ಪನವರು 2017ರಲ್ಲಿ ಸೀತೆಯ ಬಾಯಲ್ಲೇ ಕಥೆ ಹೇಳಿಸಿ ಕಾದಂಬರಿಗೆ 'ಉತ್ತರಕಾಂಡ' ಎಂದು ಹೆಸರಿಟ್ಟಾಗ ನಮ್ಮ ಬಂಧುಬಳಗದಲ್ಲಿ ಎಷ್ಟು ಜನ ಮುಖ ಗಂಟಿಕ್ಕಿದರು ಎಂಬುದು ನನಗೆ ಗೊತ್ತು. ಹಾಗಾಗಿ ನನ್ನ ಹೆಂಡತಿ ಒಂದು ಸಂಜೆ ಈ ಅಸ್ತ್ರವನ್ನೇ ತೆಗೆದಳು.

"ನಿಮಗೆಲ್ಲ ಪಟ್ಟಾಭಿಷೇಕಕ್ಕೆ ಕಥೆ ಮುಗಿದುಹೋಗುತ್ತೆ. ಮಾರನೇ ದಿನ ಅಷ್ಟೊಂದು ಪಾತ್ರೆ ತಿಕ್ಕಿದ್ದು ಯಾರು ಅಂತ ಕೇಳಿದರೆ ಅದು ಪ್ರಕ್ಷಿಪ್ತ!"

ಭಾವಮೈದನಿಗೆ ಸಿಟ್ಟು ಬರಲಿಲ್ಲ, ಹುರುಪು ಬಂತು. ಪ್ರಕ್ಷಿಪ್ತ! ಇಷ್ಟು ದಿನ ಹೊಳೆಯದೇ ಹೋಗಿತ್ತಲ್ಲ! ಅಂದಿನಿಂದ ಅವನ ವಾದಕ್ಕೆ ಶಾಸ್ತ್ರಾಧಾರ ಸಿಕ್ಕಿತು. ಮೂರು ಪುಸ್ತಕ ಬರೆದ ಲೆ ಗ್ವಿನ್ ಬೇರೆ, ನಾಲ್ಕನೆಯದನ್ನು ಬರೆದ ಲೆ ಗ್ವಿನ್ ಬೇರೆ. ಒಂದೇ ಹೆಸರು, ಒಂದೇ ಪೋರ್ಟ್‌ಲೆಂಡ್ ವಿಳಾಸ, ಆದರೂ ಬೇರೆ. ವಿಚಿತ್ರವೆಂದರೆ ಲೇಖಕಿಯೂ ಹೆಚ್ಚುಕಡಿಮೆ ಇದನ್ನು ಒಪ್ಪುತ್ತಿದ್ದರೇನೋ. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾತಾಡುತ್ತ, ತನ್ನ ಮೊದಲ ಮೂರು ಪುಸ್ತಕಗಳು ಗಂಡಸರ ವೀರಗಾಥೆಗಳ ಪರಂಪರೆಯೊಳಗೇ ಬರೆದವು, ನಾಲ್ಕನೆಯದರಲ್ಲಿ ಅದೇ ಲೋಕವನ್ನು ಇನ್ನೊಂದು ಕಡೆಯಿಂದ ನೋಡಿದೆ ಎಂಬ ಅರ್ಥದಲ್ಲಿ ವಿವರಿಸಿದರು. ಲೋಕ ಬದಲಾಗಿಲ್ಲ, ನೋಡುವವಳು ಕೂತ ಜಾಗ ಬದಲಾಗಿದೆ. ಇದನ್ನು ಕೇಳಿಸಿದರೆ ನಮ್ಮವನು, "ಅದೇ ನಾನೂ ಹೇಳ್ತಿರೋದು, ಸೀಟು ಬಿಟ್ಟು ಏಳಬಾರದಿತ್ತು" ಎಂದ.

ಇದು ಗಂಡು ಹೆಣ್ಣಿನ ಜಗಳ ಎಂದು ನೀವು ತೀರ್ಮಾನಕ್ಕೆ ಬರುವ ಮೊದಲು ಭಾವಮೈದನ ಹೆಂಡತಿಯ ಮಾತನ್ನೂ ಕೇಳಬೇಕು. ಆಕೆ 'ಟೆಹಾನು'ವನ್ನು ಅರ್ಧಕ್ಕೆ ಬಿಟ್ಟಿದ್ದಾರೆ. "ಬೆಳಗ್ಗೆಯಿಂದ ಸಂಜೆವರೆಗೂ ನಾನು ಮಾಡೋದೇ ಅದು. ರಾತ್ರಿ ಕೂತು ಓದೋಕೂ ಅದೇನಾ? ನನಗೆ ಡ್ರ್ಯಾಗನ್ ಬೇಕು." ಈ ಮಾತಿಗೆ ನನ್ನ ಹೆಂಡತಿಯ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಆದರೆ ಪುಸ್ತಕದಲ್ಲಿ ಒಂದು ಸಣ್ಣ ಸನ್ನಿವೇಶ ಬರುತ್ತದೆ. ಸಮುದ್ರದಿಂದ ಮನೆಗೆ ಬಂದ ಟೆನಾರಳ ಮಗ, ಉಂಡ ತಟ್ಟೆ ಎತ್ತುವುದು ಹೆಂಗಸರ ಕೆಲಸ ಎಂದು ಎದ್ದು ಹೋಗುತ್ತಾನೆ. ಡ್ರ್ಯಾಗನ್‌ಗಳ ಜೊತೆ ಸರಿಸಮ ನಿಂತು ಮಾತಾಡಿದ ಗೆಡ್ ಅದೇ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾನೆ. ಮಹಾಮಾಂತ್ರಿಕನ ಕೈಗೆ ತಟ್ಟೆ ಕೊಟ್ಟದ್ದು ಎಷ್ಟು ದೊಡ್ಡ ಅನ್ಯಾಯ ಎಂದು ಭಾವಮೈದ ನಮ್ಮ ಮನೆಯ ಊಟದ ಮೇಜಿನ ಬಳಿ ವಿವರಿಸುತ್ತಿದ್ದಾಗ, ಅವನ ಹೆಂಡತಿ ಅವನ ಎದುರಿನ ತಟ್ಟೆಯನ್ನೂ ಅವನ ಮುಖವನ್ನೂ ಒಂದು ಸಲ ನೋಡಿದರು. ಮಾತು ಹವಾಮಾನದ ಕಡೆ ತಿರುಗಿತು.

ಇಷ್ಟೆಲ್ಲ ಆದಾಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳಬಹುದು. ನಾನು ಸರ್ಕಾರಿ ಕೆಲಸದಿಂದ ನಿವೃತ್ತನಾದವನು. ನನ್ನ ಪಾಲಿಗೆ 'ಟೆಹಾನು' ಸ್ತ್ರೀವಾದವೂ ಅಲ್ಲ, ದ್ರೋಹವೂ ಅಲ್ಲ. ನಿವೃತ್ತಿಯ ಬಗ್ಗೆ ನಾನು ಓದಿದ ಅತ್ಯುತ್ತಮ ಕಾದಂಬರಿ. ನೋಡಿ, ಇಲಾಖೆಯ ಅತ್ಯುನ್ನತ ಹುದ್ದೆಯಲ್ಲಿದ್ದವನು ಚಾರ್ಜ್ ಕೊಟ್ಟು ಊರಿಗೆ ಬಂದಿದ್ದಾನೆ. ಬೀಳ್ಕೊಡುಗೆಯ ವಾಹನವೇನೋ ಭರ್ಜರಿ, ಕಲೆಸಿನ್ ಎಂಬ ಪುರಾತನ ಡ್ರ್ಯಾಗನ್. ಆದರೆ ಮನೆ ಬಾಗಿಲಲ್ಲಿ ಇಳಿಸಿ ಅದು ಹೊರಟುಹೋಯಿತು. ಮಾರನೆಯ ದಿನದಿಂದ ಅವನು ಹೇಳಿದ್ದಕ್ಕೆ ಗಾಳಿ ನಿಲ್ಲುವುದಿಲ್ಲ, ಹಲ್ಲುನೋವು ಹೋಗುವುದಿಲ್ಲ. ರಾಜನ ಕಡೆಯವರು ಪಟ್ಟಾಭಿಷೇಕಕ್ಕೆ ಕರೆಯಲು ಹಡಗಿನಲ್ಲಿ ಬಂದರೆ ಮುಖ ತೋರಿಸಲಾರದೆ ಗುಡ್ಡ ಹತ್ತುತ್ತಾನೆ. ಓದುಗರಿಗೆ ಇದು ಹೇಡಿತನವಾಗಿ ಕಂಡಿತು. ನನಗೆ ಚೆನ್ನಾಗಿ ಅರ್ಥವಾಯಿತು. ಹಳೆ ಕಚೇರಿಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬನ್ನಿ ಎಂದು ಹುಡುಗರು ಬಂದಿದ್ದ ದಿನ ನಾನು ಹಿತ್ತಲಲ್ಲಿ ನುಗ್ಗೆಮರದ ಹಿಂದೆ ನಿಂತಿದ್ದೆ. ಇದ್ದಾರೋ ಇಲ್ಲವೋ ಎಂದು ಹೆಂಡತಿಗೇ ಹೇಳಲು ಬಿಟ್ಟೆ. ಸಹಿಗೆ ಬೆಲೆ ಇದ್ದವನಿಗೆ ಸಹಿ ಮಾಡಲು ಏನೂ ಇಲ್ಲದಾಗುವ ನಾಚಿಕೆ ಯಾವ ವೀರಗಾಥೆಯಲ್ಲೂ ಬರುವುದಿಲ್ಲ. ಲೆ ಗ್ವಿನ್ ಅದನ್ನು ಅಧ್ಯಾಯಗಟ್ಟಲೆ ಬರೆದರು, ಅದೂ ರೇಗದೆ, ಅಣಕಿಸದೆ. ಭಾವಮೈದನಿಗೆ ಇನ್ನೂ ಸರ್ವಿಸ್ ಇದೆ. ನಾನು ಕಾಯುತ್ತಿದ್ದೇನೆ.

ಹಾಗೆಂದು ನಾನು ಕಣ್ಣು ಮುಚ್ಚಿ ಅಕ್ಕನ ಪಕ್ಷ ಸೇರಿದವನಲ್ಲ. 'ಟೆಹಾನು'ವಿನ ಕೊನೆ ನನಗೆ ಒಪ್ಪಿಗೆಯಿಲ್ಲ. ಅಷ್ಟು ಪುಟ ಅಂಬೆಗಾಲಿಟ್ಟುಕೊಂಡು ಬಂದ ಕಥೆ ಕಟ್ಟಕಡೆಗೆ ದಡಬಡನೆ ಓಡುತ್ತದೆ. ಕೆಡುಕ ಮಾಂತ್ರಿಕನೊಬ್ಬ ಟೆನಾರಳನ್ನೂ ಗೆಡ್‌ನನ್ನೂ ಬಂಡೆಯಂಚಿಗೆ ನಡೆಸಿಕೊಂಡು ಹೋಗುತ್ತಾನೆ, ಸುಟ್ಟ ಮಗು ಡ್ರ್ಯಾಗನ್ನನ್ನು ಕೂಗುತ್ತದೆ, ಡ್ರ್ಯಾಗನ್ ಬಂದು ಬೆಂಕಿ ಉಗುಳಿ ಎಲ್ಲವನ್ನೂ ಸರಿಮಾಡುತ್ತದೆ. ಆ ಮಾಂತ್ರಿಕನೋ, ಕೆಟ್ಟವನಾಗಿರುವುದನ್ನು ಬಿಟ್ಟರೆ ಬೇರೆ ಉದ್ಯೋಗವಿಲ್ಲದ ಮನುಷ್ಯ. ಅಡುಗೆಮನೆಯನ್ನು ಅಷ್ಟು ನಂಬಿ ಬರೆದವರು ಕೊನೆಗೆ ಡ್ರ್ಯಾಗನ್ನಿಗೆ ಹೇಳಿಕಳಿಸಬೇಕಾಗಿತ್ತೇ? ಇನ್ನು, ಪುಸ್ತಕದ ಮೇಲೆ ಅವರೇ ಇದು ಅರ್ಥ್‌ಸೀಯ ಕೊನೆಯ ಪುಸ್ತಕ ಎಂದು ಅಚ್ಚು ಹಾಕಿಸಿದ್ದರು. 2001ರಲ್ಲಿ ಇನ್ನೆರಡು ಬಂದವು, ಒಂದು ಕಥಾಸಂಕಲನ, ಒಂದು ಕಾದಂಬರಿ. ಕಾದಂಬರಿಯ ಹೆಸರು 'ದಿ ಅದರ್ ವಿಂಡ್'. ಅದರಲ್ಲಿ ಮಾಡಿದ್ದು ಸಣ್ಣ ಕೆಲಸವಲ್ಲ. ಮೂರನೆಯ ಪುಸ್ತಕದಲ್ಲಿ ಸತ್ತವರ ಒಣನಾಡು ಬರುತ್ತದಲ್ಲ, ಮಳೆಯಿಲ್ಲದ, ನಕ್ಷತ್ರ ಕದಲದ, ತಾಯಿ ಮಗನ ಗುರುತು ಹಿಡಿಯದ ನಾಡು, ಅದು ಲೋಕದ ನಿಯಮವೇ ಅಲ್ಲ, ಹಿಂದಿನ ಮಾಂತ್ರಿಕರು ಅಮರರಾಗುವ ಆಸೆಯಿಂದ ಮಾಡಿದ ಎಡವಟ್ಟು ಎಂದುಬಿಟ್ಟರು. ಆ ನಾಡಿನ ಗಡಿಯ ಕಲ್ಲಿನ ಗೋಡೆ ಬಿತ್ತು, ಸತ್ತವರೆಲ್ಲ ಬಿಡುಗಡೆಯಾದರು. ಒಳ್ಳೆಯದೇ. ಆದರೆ ಅಷ್ಟು ವರ್ಷ ಮನಸ್ಸಿಟ್ಟು ಹೆದರಿದ ನಮ್ಮ ಗತಿ? ಹಿಂದಿನ ಆದೇಶವನ್ನು ರದ್ದುಪಡಿಸಿ ಹೊಸ ಸುತ್ತೋಲೆ ಹೊರಡಿಸುವಾಗ, ಹಳೆಯದರಂತೆ ನಡೆದುಕೊಂಡವರ ಬಗ್ಗೆ ಒಂದು ಸಾಲಾದರೂ ಸೇರಿಸುವುದು ಪದ್ಧತಿ. ಈ ವಿಷಯದಲ್ಲಿ ನಾನೂ ಭಾವಮೈದನೂ ಒಂದೇ ಕಡೆ. ನನ್ನ ಹೆಂಡತಿ ಒಬ್ಬಳೇ ಆ ಗೋಡೆ ಬಿದ್ದದ್ದಕ್ಕೆ ಕಣ್ಣೊರೆಸಿಕೊಂಡವಳು.

ಒಮ್ಮೆ ಮಾತ್ರ ಮನೆಯಲ್ಲಿ ಪೂರ್ಣ ಒಮ್ಮತ ಮೂಡಿತ್ತು. 2004ರಲ್ಲಿ ಅಮೆರಿಕದ ಒಂದು ವಾಹಿನಿ ಅರ್ಥ್‌ಸೀಯನ್ನು ಕಿರುಧಾರಾವಾಹಿ ಮಾಡಿ, ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿತು. ಪುಸ್ತಕದಲ್ಲಿ ಗೆಡ್‌ನದು ತಾಮ್ರದ ಬಣ್ಣ, ಅವನ ಗೆಳೆಯ ವೆಚ್ ಕಪ್ಪು. ಬಿಳಿಯರಿರುವುದು ಮೂಲೆಯ ಕೆಲವು ದ್ವೀಪಗಳಲ್ಲಿ. 1968ರಲ್ಲೇ ಹಾಗೆ ಬರೆದಿದ್ದರು. ಲೆ ಗ್ವಿನ್ ಆ ಧಾರಾವಾಹಿಯನ್ನು ಬಹಿರಂಗವಾಗಿಯೇ ಖಂಡಿಸಿ ಬರೆದರು. "ನಮ್ಮ ಬಣ್ಣದವನು ಅಂತ ಇದ್ದಿದ್ದು ಅವನೊಬ್ಬ, ಅವನಿಗೂ ಸುಣ್ಣ ಬಳಿದುಬಿಟ್ಟರಲ್ಲ ಭಾವ!" ಎಂದು ಭಾವಮೈದ ಎಷ್ಟು ನೊಂದುಕೊಂಡನೆಂದರೆ, ಆ ವಾರವೆಲ್ಲ 'ಟೆಹಾನು'ವಿನ ಸುದ್ದಿಯನ್ನೇ ಎತ್ತಲಿಲ್ಲ.

2018ರ ಜನವರಿಯಲ್ಲಿ ಲೆ ಗ್ವಿನ್ ತೀರಿಕೊಂಡರು. ಅದೇ ವರ್ಷ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಡನೆ ಇಡೀ ಅರ್ಥ್‌ಸೀ ಒಂದೇ ದಪ್ಪ ಸಂಪುಟವಾಗಿ ಬಂತು. ನನ್ನ ಹೆಂಡತಿ ತರಿಸಿಕೊಂಡಳು. ಅದರಲ್ಲಿ 'ಫೈರ್‌ಲೈಟ್' ಎಂಬ ಚಿಕ್ಕ ಕಥೆಯಿದೆ, ಲೇಖಕಿ ಹೋದ ಮೇಲೆ ಬೆಳಕಿಗೆ ಬಂದದ್ದು. ಮುದಿ ಗೆಡ್ ಗಾಂಟ್‌ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ, ಟೆನಾರ್ ಹತ್ತಿರವಿದ್ದಾಳೆ, ಅವನ ಮನಸ್ಸು ಹಳೆಯದನ್ನೆಲ್ಲ ಸುತ್ತಿಕೊಂಡು ಕೊನೆಗೆ ತನ್ನ ದೋಣಿಯನ್ನು ಸೇರುತ್ತದೆ. 1972ರ ನಂತರದ್ದನ್ನು ಒಪ್ಪುವುದಿಲ್ಲವೆಂದು ಪಟ್ಟುಹಿಡಿದ ಭಾವಮೈದ ಸಂಪುಟವನ್ನು ನಿಂತಲ್ಲೇ ತೆರೆದು, ನಿಂತಲ್ಲೇ ಓದಿ ಮುಗಿಸಿದ.

"ನೋಡಿದ್ಯಾ ಅಕ್ಕ, ದೋಣಿ! ನಾನು ಮೊದಲಿಂದ ಹೇಳ್ತಾನೇ ಇದ್ದೆ, ದೋಣಿ ಅಂತ. ಇದು ಮೂರನೇ ಪುಸ್ತಕದ ನೇರ ಮುಂದುವರಿಕೆ. ನಡುವೆ ಏನೂ ಇಲ್ಲ."

"ನಡುವೆ ಏನೂ ಇಲ್ಲದಿದ್ದರೆ ಟೆನಾರ್ ಆ ಮನೇಲಿ ಏನು ಮಾಡ್ತಿದ್ದಾಳೆ?"

ಭಾವಮೈದ ಪುಟ ಹಿಂದೆ ತಿರುಗಿಸಿ ನೋಡಿದ, ಮುಂದೆ ತಿರುಗಿಸಿ ನೋಡಿದ.

"ಪಕ್ಕದ ಮನೆಯವಳಿರಬೇಕು," ಎಂದ.